ಅಕ್ಕೋರ ಪಾಠಕ್ಕೊಂದು ಭಾಷೆ ಕಟ್ಟಿದ್ದು

ಹಾನಗಲ್ಲಿನ ಅಕ್ಕೋರು ಮೊದಲ ಸಲ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಒಂದು ಮಾತನ್ನೂ ಆಡಲಿಲ್ಲ. ಕುರ್ಚಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಮೊಬೈಲು ತೆಗೆದು ಏನೋ ಬರೆದು ನನ್ನ ಕಡೆ ಹಿಡಿದರು. "ಗಂಟಲದಾಗ ಗಂಟು ಆಗ್ಯಾವ. ಸದ್ಯ ಮಾತಾಡಬ್ಯಾಡ ಅಂದಾರ ಡಾಕ್ಟ್ರು. ಬರದು ತೋರಸ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಿತ್ತು.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಇವರು ಹಾನಗಲ್ಲಿನ ಶಾಲೆಯೊಂದರಲ್ಲಿ ಬಹಳ ವರ್ಷಗಳಿಂದ ಗಣಿತ ಕಲಿಸುತ್ತಿದ್ದವರು. ದೊಡ್ಡ ವರ್ಗ, ಪಕ್ಕದಲ್ಲೇ ರಸ್ತೆ, ದಿನವಿಡೀ ದನಿ ಏರಿಸಿ ಕಲಿಸಿ ಕಲಿಸಿ ಗಂಟಲು ಕೆಟ್ಟಿತ್ತು. ಮುಂದೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಆಮೇಲೆ ಮೊದಲಿನ ದನಿ ಬರುತ್ತದೋ ಇಲ್ಲವೋ ಎಂಬುದನ್ನು ಡಾಕ್ಟರೂ ಹೇಳಿರಲಿಲ್ಲ.

ನಾವಿದ್ದದ್ದು ಶಿಗ್ಗಾಂವದಲ್ಲಿ, ರೈತರ ಗೋವಿನಜೋಳ ಮಾರಿಸಿಕೊಡುವ ಅಡತಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಸಂಸ್ಥೆ ಸಣ್ಣದು, ಜನ ಮೂವರೇ. ಸಂಸ್ಥೆ ನಡೆಸುತ್ತಿದ್ದ ಹಿರಿಯರು, ಪರದೆಯ ಮೇಲೆ ಕಾಣುವುದನ್ನೆಲ್ಲ ರೂಪಿಸುತ್ತಿದ್ದ ಹಿರೇಕೆರೂರಿನ ಗೆಳೆಯ, ಮತ್ತು ದಿನಾ ತಡಸದಿಂದ ಬಸ್ಸಿಗೆ ಬಂದು ಕೋಡ್ ಬರೆಯುತ್ತಿದ್ದ ನಾನು. ಸುಗ್ಗಿಯಲ್ಲಿ ಕೆಳಗೆ ಕಾಳು ಹಸನು ಮಾಡುವ ಯಂತ್ರ ಶುರುವಾದರೆ ಮೇಜಿನ ಮೇಲಿನ ಚಹಾದ ಲೋಟ ತಾನೇ ಸರಿಯುತ್ತಿತ್ತು. ಕೀಲಿಮಣೆಯ ಮೇಲೆ ಹಳದಿ ಧೂಳು ಕೂರುತ್ತಿತ್ತು. ಆಗ ಅದಕ್ಕೆ ಬೈಯುತ್ತಿದ್ದೆವು. ಈಗ ಎಲ್ಲಾದರೂ ಒಣ ಗೋವಿನಜೋಳದ ವಾಸನೆ ಬಂದರೆ ಕಾಲು ತಾನೇ ನಿಧಾನವಾಗುತ್ತದೆ.

ಶಿಕ್ಷಕರು ತಮ್ಮ ಪಾಠವನ್ನು ತಾವೇ ಕಂಪ್ಯೂಟರಿನಲ್ಲಿ ಕಟ್ಟಿಕೊಳ್ಳಲಿ ಎಂದು ನಾವು ಒಂದು ಸಾಫ್ಟ್‌ವೇರ್ ಮಾಡಿದ್ದೆವು. ಪುಟ ಜೋಡಿಸಬಹುದಿತ್ತು, ಚಿತ್ರ ಮತ್ತು ದನಿ ಸೇರಿಸಬಹುದಿತ್ತು, ಪ್ರಶ್ನೆ ಇಡಬಹುದಿತ್ತು. ಮಗು ಉತ್ತರ ಬರೆದರೆ ಸರಿ ಅಥವಾ ತಪ್ಪು ಎಂದು ಬರುತ್ತಿತ್ತು. ಹಾನಗಲ್ಲ, ಸವಣೂರು, ಶಿಗ್ಗಾಂವ, ಹಿರೇಕೆರೂರು ತಾಲೂಕುಗಳ ಕೆಲವು ಶಾಲೆಗಳು ಅದನ್ನು ಬಳಸುತ್ತಿದ್ದವು. ಅಕ್ಕೋರ ತಕರಾರು ಇದ್ದದ್ದು ಆ 'ತಪ್ಪು' ಎಂಬ ಒಂದು ಶಬ್ದದ ಮೇಲೆ. ಮತ್ತೆ ಮೊಬೈಲಿನಲ್ಲಿ ಬರೆದರು. ಅರ್ಧಕ್ಕೆ ಮೂರರಲ್ಲೊಂದು ಭಾಗ ಕೂಡಿಸಿ ಎಂದರೆ ಒಬ್ಬಳು ಎರಡು ಬಟಾ ಐದು, ಅಂದರೆ 2/5, ಅನ್ನುತ್ತಾಳೆ, ಇನ್ನೊಬ್ಬ ಒಂದು ಬಟಾ ಆರು ಅನ್ನುತ್ತಾನೆ. ಒಬ್ಬಳು ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿದ್ದಾಳೆ, ಇನ್ನೊಬ್ಬ ಗುಣಿಸಿದ್ದಾನೆ. ಇಬ್ಬರಿಗೂ ಒಂದೇ ಮಾತು ಹೇಳಿದರೆ ಇಬ್ಬರಿಗೂ ಏನೂ ಹೇಳಿದಂತಾಗಲಿಲ್ಲ. ಕೊನೆಗೆ ಇಷ್ಟು ಬರೆದಿದ್ದರು: "ನಾ ಬಾಯಿಲೆ ಹೇಳೂದು ಇನ್ನ ಕಡಿಮಿ ಆಗತೈತಿ. ನಾ ಏನ್ ಹೇಳ್ತಿದ್ನೆಲ್ಲಾ, ಅದನ್ನ ನಿಮ್ಮ ಪಾಠ ಹೇಳಬೇಕು."

ಮುಂದೆ ಹಿರೇಕೆರೂರಿನಲ್ಲಿ ನಾಲ್ಕೂ ತಾಲೂಕಿನ ಶಿಕ್ಷಕರ ಕಾರ್ಯಾಗಾರ ಇತ್ತು. ನಮಗೆ ನೆರವು ಕೊಡುತ್ತಿದ್ದವರು ಅಲ್ಲಿಗೆ ಬಂದು, ಈ ಸಾಫ್ಟ್‌ವೇರ್ ಮುಂದುವರಿಸಬೇಕೋ ಅಥವಾ ಹೊರಗಿನ ಸಿದ್ಧ ಪ್ಯಾಕೇಜು ತರಬೇಕೋ ಎಂದು ನೋಡುವವರಿದ್ದರು. ಅಕ್ಕೋರು ಹೋದ ಮೇಲೆ ಹಿರಿಯರು ನನ್ನ ಕಡೆ ತಿರುಗಿ, ಆಗ್ತದೇನು ಎಂದು ಕೇಳಿದರು. ಆಗ್ತದೆ ಎಂದೆ.

ಅಷ್ಟು ಬೇಗ ಒಪ್ಪಲು ಕಾರಣವಿತ್ತು. ನಮ್ಮ ಪಾಠಗಳು ಬ್ರೌಸರಿನಲ್ಲೇ ಓಡುತ್ತಿದ್ದವು, ಮತ್ತು ಬ್ರೌಸರಿಗೆ ತನ್ನದೇ ಒಂದು ಪ್ರೋಗ್ರಾಮಿಂಗ್ ಭಾಷೆ ಇದೆ. ಪ್ರತಿ ಪುಟಕ್ಕೂ ಒಂದು ಖಾಲಿ ಪೆಟ್ಟಿಗೆ ಕೊಟ್ಟು, ಅದರಲ್ಲಿ ಶಿಕ್ಷಕರು ಬರೆದದ್ದನ್ನು ಹಾಗೇ ಓಡಿಸಿದರೆ ಮುಗಿಯಿತು. ಷರತ್ತು ಹಾಕಬಹುದು, ಹಿಂದಿನ ಉತ್ತರ ನೆನಪಿಡಬಹುದು, ಬೇಕಾದ ಪುಟಕ್ಕೆ ಜಿಗಿಯಬಹುದು. ಹೀಗೆ ಬರೆದ ಆಜ್ಞೆಗಳಿಗೇ ಸ್ಕ್ರಿಪ್ಟ್ ಎನ್ನುವುದು; ಆ ಬಲ ಒಂದೇ ಏಟಿಗೆ ಕೈಗೆ ಬರುತ್ತದೆ. ಕೆಲಸ ಬೇಗ ಮುಗಿಯಿತು, ನನಗೂ ಖುಷಿಯಾಗಿತ್ತು. ಗೆಳೆಯ ಮಾತ್ರ ಆ ಖಾಲಿ ಪೆಟ್ಟಿಗೆಯನ್ನು ನೋಡಿ, ಇದರ ಮುಂದೆ ಕೂತ ಮನುಷ್ಯನಿಗೆ ಮೊದಲ ಅಕ್ಷರ ಯಾವುದು ಒತ್ತಬೇಕು ಅಂತ ಹೇಗೆ ಗೊತ್ತಾಗಬೇಕು ಎಂದು ಕೇಳಿದ್ದ. ನಾನು ನಕ್ಕು ಕೈಪಿಡಿ ಬರೆಯಲು ಕೂತೆ.

ಮೊದಲ ಪ್ರಯೋಗ ಸವಣೂರಿನಲ್ಲಿ ನಡೆಯಿತು. ಅಲ್ಲಿನ ವಿಜ್ಞಾನದ ಸರ್ ಹೊಸದನ್ನು ಕಲಿಯುವುದೆಂದರೆ ಊಟ ಬಿಡುವವರು. ನಾನು ಕೊಟ್ಟ ಕೈಪಿಡಿ ಓದಿ ವಿದ್ಯುತ್ ಮಂಡಲದ ಪಾಠಕ್ಕೆ ತಾವೇ ಸ್ಕ್ರಿಪ್ಟ್ ಬರೆದಿದ್ದರು. ಮಕ್ಕಳು ಕಂಪ್ಯೂಟರಿಗೆ ಇಬ್ಬಿಬ್ಬರಂತೆ ಕೂತು ಮೊದಲ ಪುಟಗಳನ್ನು ಚೆನ್ನಾಗಿಯೇ ಮುಗಿಸಿದರು. ಬಲ್ಬು, ಬ್ಯಾಟರಿ, ತಂತಿ, ಎಲ್ಲ ಸರಿಯಾಗಿ ನಡೆಯಿತು. ಕೊನೆಯ ಪ್ರಶ್ನೆಗೆ ಬಂದ ಪರದೆ ಹಾಗೇ ನಿಂತಿತು. ಪಕ್ಕದ್ದೂ ನಿಂತಿತು. ಒಂದರ ಹಿಂದೆ ಒಂದು ಇಡೀ ಲ್ಯಾಬು ಸ್ತಬ್ಧವಾಯಿತು.

ಸರ್ ಬರೆದದ್ದು ಯಾವ ಮನುಷ್ಯನಿಗೂ ಅರ್ಥವಾಗುವ ಮಾತು. ಸರಿಯಾದ ಉತ್ತರ ಬರುವವರೆಗೂ ತಿರುಗುತ್ತಿರು, ಅಷ್ಟೇ. ಆದರೆ ಬ್ರೌಸರು ತಿರುಗಲು ಶುರುಮಾಡಿದರೆ ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಮಗು ಒತ್ತಿದ ಅಕ್ಷರವನ್ನೂ ತೆಗೆದುಕೊಳ್ಳುವುದಿಲ್ಲ. ತಿರುಗುವುದು ನಿಲ್ಲಲು ಉತ್ತರ ಬೇಕು, ಉತ್ತರ ಬರಲು ತಿರುಗುವುದು ನಿಲ್ಲಬೇಕು. ಪಾಠ ಮುಗಿದ ಮೇಲಷ್ಟೇ ಉತ್ತರಗಳು ಉಳಿಯುವ ವ್ಯವಸ್ಥೆಯಾದ್ದರಿಂದ, ಕಂಪ್ಯೂಟರು ಆರಿಸಿ ಹಚ್ಚಿದಾಗ ಮಕ್ಕಳು ಮಾಡಿದ್ದೆಲ್ಲ ಹೋಗಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಖಾಲಿ ಪರದೆ ನೋಡಿ ಅತ್ತಳು.

ಸರ್ ಲ್ಯಾಬಿನ ಬಾಗಿಲ ತನಕ ನನ್ನ ಜೊತೆ ಬಂದರು. ಮಕ್ಕಳಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ ಕೇಳಿದರು.

"ನಾ ಬರದಿದ್ದು ಎಲ್ಲಿ ತಪ್ಪಾತ್ರಿ ಮೇಡಂ?"

"ನಿಮ್ದು ತಪ್ಪಿಲ್ರಿ ಸರ್. ನೀವು ಬರದಿದ್ದು ಸರಿ ಐತಿ. ಅದನ್ನ ತಿಳ್ಕೊಳ್ಳೂ ಹಂಗ ನಾವು ಮಾಡಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಆದರೆ ತಮ್ಮ ಮಕ್ಕಳ ಮುಂದೆ ಆದ ಮುಜುಗರ ಅವರ ಮುಖದಿಂದ ಹೋಗಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ಆ ಹುಡುಗಿಯ ಅಳುವಿಗಿಂತ ಸರ್ ಅವರ ಆ ತಗ್ಗಿದ ದನಿಯೇ ಹೆಚ್ಚು ಕಾಡಿತು.

ಮರುದಿನ ಕೋಣೆಯಲ್ಲಿ ಮೂವರೂ ಕೂತೆವು. ಹಿರಿಯರು ಸ್ಕ್ರಿಪ್ಟ್ ಬೇಡವೇ ಬೇಡ, ತೆಗೆದುಬಿಡೋಣ ಎಂದರು. ಅದರ ಬದಲು ಗೆಳೆಯ ಒಂದು ಮೆನು ಮಾಡಲಿ. ಉತ್ತರ ಇಂಥದ್ದಾದರೆ ಇಂಥ ಪುಟಕ್ಕೆ ಹೋಗು ಎಂದು ಆರಿಸಿಕೊಳ್ಳುವುದು, ಬರೆಯುವ ಗೋಜೇ ಇಲ್ಲ. ಗೆಳೆಯ ಅದನ್ನು ಚೆಂದವಾಗಿ ಮಾಡಿದ. ಎಲ್ಲೂ ಸಿಕ್ಕಿಬೀಳುವ ಜಾಗ ಇರಲಿಲ್ಲ. ನನಗೂ ವಾದ ಮಾಡುವ ಹುರುಪು ಉಳಿದಿರಲಿಲ್ಲ. ಅಕ್ಕೋರಿಗೆ ತೋರಿಸಿ ಬರುತ್ತೇನೆ ಎಂದು ಹಾನಗಲ್ಲಿಗೆ ಹೊರಟೆ.

ನಾನು ಹೋದಾಗ ಅವರು ವರ್ಗದಲ್ಲಿದ್ದರು. ಸ್ವಲ್ಪ ಮಾತಾಡಲು ಡಾಕ್ಟರು ಒಪ್ಪಿದ್ದರು. ಹಿಂದಿನ ಬೆಂಚಿನಲ್ಲಿ ಕೂತೆ. ಬೋರ್ಡಿನ ಮೇಲೆ ಅದೇ ಭಿನ್ನರಾಶಿಯ ಲೆಕ್ಕ. ಅವರ ದನಿ ಒಡೆದ ಬಿದಿರಿನ ಹಾಗೆ ಸೀಳಿ ಬರುತ್ತಿತ್ತು, ಮಕ್ಕಳು ಅದಕ್ಕೇ ಹೊಂದಿಕೊಂಡು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಒಬ್ಬ ಹತ್ತು ಬಟಾ ಹನ್ನೆರಡು ಎಂದ. ಬೆಲೆ ಸರಿ, ಆದರೆ ಸಂಕ್ಷೇಪಿಸಿಲ್ಲ. ಅಕ್ಕೋರು ಅವನಿಗೆ ತಪ್ಪು ಎನ್ನಲಿಲ್ಲ, ಸರಿ ಎಂದೂ ಎನ್ನಲಿಲ್ಲ. ಇನ್ನೂ ಸಣ್ಣದು ಮಾಡಲು ಬರುತ್ತದೇನು ನೋಡು ಎಂದರು. ಇನ್ನೊಬ್ಬಳು ಎರಡು ಬಟಾ ಐದು ಎಂದಾಗ, ನಿನ್ನೆಯೂ ಹೀಗೇ ಮಾಡಿದ್ದಿಯಲ್ಲ ಎಂದು ನಿನ್ನೆಯ ಲೆಕ್ಕ ನೆನಪಿಸಿ, ಅಲ್ಲಿಂದ ಇಲ್ಲಿಗೆ ಕರೆತಂದರು. ಮೂರನೆಯ ಸಲವೂ ತಪ್ಪಿದವನಿಗೆ ಲೆಕ್ಕ ಬದಿಗಿಡಿಸಿ, ಒಂದು ಹಾಳೆ ಕೊಟ್ಟು ಭಾಗಗಳಾಗಿ ಮಡಚಲು ಹೇಳಿದರು.

ನಾನು ತಂದ ಮೆನು ಲ್ಯಾಪ್‌ಟಾಪಿನಲ್ಲಿ ನನ್ನ ಮಡಿಲಲ್ಲೇ ಇತ್ತು. ಅದರಲ್ಲಿ ಇದ್ಯಾವುದಕ್ಕೂ ಜಾಗವಿರಲಿಲ್ಲ. ವರ್ಗ ಮುಗಿದ ಮೇಲೆ ಅವರಿಗೆ ತೋರಿಸಿದೆ. ಗಮನಕೊಟ್ಟು ನೋಡಿ, ಗೆಳೆಯನ ಕೆಲಸವನ್ನು ಹೊಗಳಿ, ಆಮೇಲೆ ಅಂದರು:

"ಚಲೋ ಐತಿ ತಂಗಿ. ಆದ್ರ ಇದ್ರಾಗ ನೀವು ಕೊಟ್ಟಷ್ಟ ಮಾತು ಅದಾವ. ನನ್ನ ಮಾತು ನಾ ಎಲ್ಲಿ ಹಾಕ್ಲಿ?"

ಶಿಗ್ಗಾಂವಕ್ಕೆ ಮರಳುವಷ್ಟರಲ್ಲಿ ನಿರ್ಧಾರ ಆಗಿತ್ತು. ಬ್ರೌಸರಿನ ಭಾಷೆಯೂ ಬೇಡ, ಮೆನುವೂ ಸಾಲದು. ಪಾಠಕ್ಕೆಂದೇ ಒಂದು ಪುಟ್ಟ ಭಾಷೆ ಕಟ್ಟಬೇಕು, ಕನ್ನಡದಲ್ಲಿ, ಶಿಕ್ಷಕರು ತಪ್ಪಿ ಬರೆದರೂ ಲ್ಯಾಬು ನಿಲ್ಲದ ಹಾಗೆ. ಹಿರಿಯರು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಕಾರ್ಯಾಗಾರ ಹತ್ತಿರ ಬಂದಿತ್ತು. ನಾನು ವರ್ಗದಲ್ಲಿ ನೋಡಿದ್ದನ್ನೆಲ್ಲ ಹೇಳಿದೆ, ಅಕ್ಕೋರ ಕೊನೆಯ ಮಾತನ್ನೂ ಹೇಳಿದೆ. ಅವರು ಚಹಾ ತರಿಸಿದರು. ಕುಡಿದು ಮುಗಿಸಿ, "ಮಾಡ್ರಿ. ಆದ್ರ ಇನ್ನೊಮ್ಮೆ ಒಂದು ಕೂಸಿನ ಕೆಲಸಾನೂ ಹೋಗಬಾರ್ದು" ಎಂದರು.

ಅದಕ್ಕೇ ಮೊದಲು ಉತ್ತರ ಉಳಿಸುವುದನ್ನು ಬದಲಿಸಿದೆ. ಪಾಠ ಮುಗಿಯುವವರೆಗೆ ಕಾಯದೆ, ಮಗು ಒಂದೊಂದು ಉತ್ತರ ಕೊಟ್ಟ ಕೂಡಲೇ ಉಳಿಯುವಂತೆ ಮಾಡಿದೆ. ಆಮೇಲೆ ಭಾಷೆ. 'ಕೇಳು' ಎಂಬ ಆಜ್ಞೆ ಬಂದಲ್ಲಿ ಸ್ಕ್ರಿಪ್ಟ್ ತನ್ನ ಜಾಗ ಗುರುತಿಟ್ಟುಕೊಂಡು ಪಕ್ಕಕ್ಕೆ ಸರಿಯುತ್ತದೆ, ಮಗು ಬರೆದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ಮತ್ತೆ ಮತ್ತೆ ಮಾಡು ಎಂದು ಬರೆದಲ್ಲಿ ಒಳಗೆ ಒಂದಾದರೂ 'ಕೇಳು' ಇರಲೇಬೇಕು, ಇಲ್ಲದಿದ್ದರೆ ಪಾಠ ಉಳಿಸುವಾಗಲೇ ಸಾಫ್ಟ್‌ವೇರ್ ತಡೆದು ಹೇಳುತ್ತದೆ. ಸವಣೂರಿನಲ್ಲಿ ಆದದ್ದು ಮತ್ತೆ ಆಗಲು ದಾರಿ ಉಳಿಯಲಿಲ್ಲ. ಉತ್ತರ ಹೋಲಿಸಲು ಎರಡು ಬಗೆ ಇಟ್ಟೆ, ಬೆಲೆ ಒಂದೇ ಆಗಿರುವುದು ಮತ್ತು ಬರೆದದ್ದೂ ಹಾಗೇ ಇರುವುದು. ಹತ್ತು ಬಟಾ ಹನ್ನೆರಡರ ಹುಡುಗನಿಗೆ ಅದರಿಂದ ಬೇರೆ ಮಾತು ಸಿಕ್ಕಿತು. ಕನ್ನಡ ಅಂಕಿಯಲ್ಲಿ ಬರೆದರೂ ಇಂಗ್ಲಿಷ್ ಅಂಕಿಯಲ್ಲಿ ಬರೆದರೂ, ನಡುವೆ ಜಾಗ ಬಿಟ್ಟರೂ ಬಿಡದಿದ್ದರೂ ಒಂದೇ ಎಂದು ಓದುವಂತೆ ಮಾಡಿದೆ.

ತೊಡಕಾದದ್ದು ವಾಕ್ಯದ ಕ್ರಮದಲ್ಲಿ. ನನಗೆ ಗೊತ್ತಿದ್ದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಆಜ್ಞೆ ಮೊದಲು ಬರುತ್ತದೆ. ಹಾಗೇ ಮಾಡಿ ಶಿಗ್ಗಾಂವದ ಕೆಲವು ಶಿಕ್ಷಕರ ಕೈಗೆ ಕೊಟ್ಟರೆ ಎಲ್ಲರೂ ಆಜ್ಞೆಯನ್ನು ಕೊನೆಗೆ ಬರೆಯುತ್ತಿದ್ದರು. ತಿದ್ದಿ ಹೇಳಿಕೊಟ್ಟರೂ ಮುಂದಿನ ಸಾಲಿನಲ್ಲಿ ಮತ್ತೆ ಹಾಗೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಸಹಜ, ಅವರ ತಪ್ಪೇನೂ ಇರಲಿಲ್ಲ. ನಾನು ಬರೆದಿದ್ದ ಓದುವ ಭಾಗವನ್ನು ಅಳಿಸಿ, ಸಾಲನ್ನು ಬಾಲದ ಕಡೆಯಿಂದ ಓದುವಂತೆ ಹೊಸದಾಗಿ ಬರೆದೆ. ಆಗ ಸ್ಕ್ರಿಪ್ಟ್ ಹೀಗೆ ಕಾಣತೊಡಗಿತು: ಉತ್ತರ 2/5 ಆದರೆ 'ಹೆಂಗ ಬಂತು' ನುಡಿಸು. 'ಹೆಂಗ ಬಂತು' ಎಂಬುದು ಆಗ ಕೇಳಿಸಬೇಕಾದ ದನಿಯ ಹೆಸರು. ಕೆಲವರು 'ಆದರೆ' ಬದಲು 'ಆದರ' ಎಂದು ಬರೆದರು, 'ಇಲ್ಲದಿದ್ದರೆ' ಬದಲು 'ಇಲ್ದಿದ್ರ' ಎಂದರು. ಅವನ್ನೂ ಸೇರಿಸಿಕೊಂಡೆವು.

ತಪ್ಪಾದಾಗ ತೋರಿಸುವ ಸಂದೇಶಗಳನ್ನು ಗೆಳೆಯ ಬರೆದ. ಸವಣೂರಿನ ಸರ್ ಪಟ್ಟ ಮುಜುಗರವನ್ನು ನಾನು ಅವನಿಗೆ ಹೇಳಿದ್ದೆ. ಎಲ್ಲೂ 'ದೋಷ' ಎಂಬ ಶಬ್ದ ಇರಕೂಡದು ಎಂದು ಅವನೇ ನಿಯಮ ಮಾಡಿಕೊಂಡ. "ಈ ಸಾಲಿನ್ಯಾಗ ಕೇಳೂದು ಐತಿ, ಏನ್ ಕೇಳೂದು ಅನ್ನೂದು ಬಿಟ್ಟೈತಿ ನೋಡ್ರಿ" ಎಂಬಂಥ ಮಾತುಗಳು. ಒಂದೊಂದನ್ನೂ ಗಟ್ಟಿಯಾಗಿ ಓದಿ ತೋರಿಸುತ್ತಿದ್ದ. ಹಿರಿಯರು ಲೆಕ್ಕಪತ್ರ ಬದಿಗಿಟ್ಟು ನಗುತ್ತಿದ್ದರು. ಪಕ್ಕದ ಹೋಟೆಲಿನಿಂದ ಮಂಡಕ್ಕಿಯ ಗಿರ್ಮಿಟ್ ಬರುತ್ತಿತ್ತು. ಅಷ್ಟು ಒತ್ತಡದ ಕೆಲಸ ಅದಕ್ಕೆ ಮೊದಲೂ ಆಮೇಲೂ ಮಾಡಿಲ್ಲ. ಆದರೂ ನೆನಪಿಗೆ ಬರುವುದು ಆ ನಗುವೇ.

ಶಸ್ತ್ರಚಿಕಿತ್ಸೆಗೆ ಮುಂಚೆ ಅಕ್ಕೋರು ದನಿ ಮುದ್ರಿಸಲು ಬಂದರು. ಯಾವ ಉತ್ತರಕ್ಕೆ ಯಾವ ಮಾತು ಎಂಬ ಸ್ಕ್ರಿಪ್ಟನ್ನು ಮನೆಯಲ್ಲೇ ಕೂತು ತಾವೇ ಬರೆದಿದ್ದರು. ನಾನು ಒಂದು ಸಾಲನ್ನೂ ತಿದ್ದಬೇಕಾಗಲಿಲ್ಲ. ಸದ್ದು ಬರದಂತೆ ಕಿಟಕಿಗಳಿಗೆ ದಪ್ಪನೆಯ ಕೌದಿ ಕಟ್ಟಿದೆವು. ಗೆಳೆಯ ಕೆಳಗಿಳಿದು, ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸಲು ಅಡತಿಯ ಯಜಮಾನರನ್ನು ಕೇಳಿಕೊಂಡ. ಗಾಡಿಗಳು ಕಾಯುತ್ತಿದ್ದರೂ ಅವರು ನಿಲ್ಲಿಸಿದರು. ಅಕ್ಕೋರು ಒಂದು ಮಾತು ಆಡುವುದು, ಬಿಸಿನೀರು ಗುಟುಕರಿಸುವುದು, ಕಣ್ಣು ಮುಚ್ಚಿ ಕೂರುವುದು, ಮತ್ತೆ ಇನ್ನೊಂದು. ಎರಡನೆಯ ಸಲ ಹೇಳಿಸುವಂತಿರಲಿಲ್ಲ. ಒಂದು ಮಾತಿನ ನಡುವೆ ಹೆದ್ದಾರಿಯ ಲಾರಿಯ ಹಾರ್ನು ಸೇರಿಕೊಂಡಿತು. ಇರಲಿ, ನಮ್ಮ ಶಾಲೆಯಲ್ಲೂ ಇದೇ ಇರುತ್ತದೆ ಎಂದು ಅವರು ಕೈಯಾಡಿಸಿದರು.

ಕೊನೆಯ ಮಾತು ಮುಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ತಮ್ಮ ದನಿ ತಾವೇ ಕೇಳಿದರು. ಕೆಳಗೆ ಯಂತ್ರ ಮತ್ತೆ ಶುರುವಾಯಿತು.

ಹಿರೇಕೆರೂರಿನ ಕಾರ್ಯಾಗಾರದ ದಿನ ಅಕ್ಕೋರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದರು. ಸಂತೆಯ ದಿನ ಬೇರೆ, ಬಸ್ಸಿಳಿದು ಸಭಾಂಗಣ ಮುಟ್ಟಲು ಜನರ ನಡುವೆ ತೂರಿ ಹೋಗಬೇಕಾಯಿತು. ಅಲ್ಲಿನ ಕಂಪ್ಯೂಟರುಗಳು ಬಹಳ ಹಳೆಯವು. ಪಾಠ ಹಾಕಿ ನೋಡಿದರೆ ಎಲ್ಲ ಓಡುತ್ತಿತ್ತು, ದನಿ ಮಾತ್ರ ಇಲ್ಲ. ಅಕ್ಕೋರು ದನಿಯ ಕಡತಗಳಿಗೆ ಕನ್ನಡದಲ್ಲೇ ಹೆಸರು ಕೊಟ್ಟಿದ್ದರು. ಎಲ್ಲ ಕಡತಗಳನ್ನು ಒಂದಾಗಿ ಕಟ್ಟಿ ತಂದಿದ್ದ ಪಾಠದ ಕಟ್ಟು ಬಿಚ್ಚುವಾಗ ಆ ಹಳೆಯ ಯಂತ್ರಗಳು ಕನ್ನಡ ಹೆಸರನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಟ್ಟಿದ್ದವು. 'ಹೆಂಗ ಬಂತು' ನುಡಿಸು ಎಂದು ಸ್ಕ್ರಿಪ್ಟ್ ಕೇಳಿದರೆ ಆ ಹೆಸರಿನ ಕಡತವೇ ಅಲ್ಲಿರಲಿಲ್ಲ. ಶಿಕ್ಷಕರು ಬಂದು ಕೂತಿದ್ದರು. ನೆರವು ಕೊಡುವವರೂ ಮುಂದಿನ ಸಾಲಿನಲ್ಲಿದ್ದರು.

ದನಿ ಇಲ್ಲದೆ ಬರಹ ಮಾತ್ರ ತೋರಿಸೋಣ ಎಂದರು ಹಿರಿಯರು. ಇವತ್ತೇ ಅಕ್ಕೋರ ದನಿ ಬಿಟ್ಟು ತೋರಿಸಲು ನನಗೆ ಮನಸ್ಸಾಗಲಿಲ್ಲ. ಸ್ವಲ್ಪ ಸಮಯ ಕೊಡಿ ಎಂದು ಹಿಂದಿನ ಮೇಜಿಗೆ ಹೋಗಿ ಕೂತೆ. ಕಟ್ಟು ಕಟ್ಟುವಾಗ ಪ್ರತಿ ದನಿಗೂ ಒಳಗೊಳಗೇ ಒಂದು ಅಂಕಿಯ ಹೆಸರು ಕೊಟ್ಟು, ಕನ್ನಡ ಹೆಸರನ್ನು ಸ್ಕ್ರಿಪ್ಟಿನೊಳಗೆ ಮಾತ್ರ ಉಳಿಸಿ, ಎರಡನ್ನೂ ಹೊಂದಿಸುವ ಕೋಡ್ ಬರೆಯತೊಡಗಿದೆ. ಅಷ್ಟರಲ್ಲಿ ಸಭೆಯ ನಡುವಿನಿಂದ ಸವಣೂರಿನ ವಿಜ್ಞಾನದ ಸರ್ ಎದ್ದು ಬಂದರು. ಯಾರೂ ಅವರನ್ನು ಕರೆದಿರಲಿಲ್ಲ. ಸೀಮೆಸುಣ್ಣ ಹಿಡಿದು, ತಾವು ಮೊದಲು ಬರೆದ, ಲ್ಯಾಬು ನಿಲ್ಲಿಸಿದ ಸಾಲನ್ನೇ ಬೋರ್ಡಿನ ಮೇಲೆ ಬರೆದರು.

"ಇದನ್ನ ಬರದು ನಾ ಇಡೀ ಲ್ಯಾಬ ಬಂದ್ ಮಾಡಿದ್ದೆ ನೋಡ್ರಿ" ಎಂದರು. ಸಭೆ ನಕ್ಕಿತು, ಅವರೂ ನಕ್ಕರು. ಆಮೇಲೆ ಅದರ ಕೆಳಗೆ ಹೊಸ ಭಾಷೆಯಲ್ಲಿ ಅದನ್ನೇ ಬರೆದು, 'ಕೇಳು' ಎಲ್ಲಿ ಬಂದಿದೆ, ಏಕೆ ಬಂದಿದೆ ಎಂದು ಬಿಡಿಸಿ ಹೇಳತೊಡಗಿದರು. ನಾನು ಕಟ್ಟಿದ ಭಾಷೆಯನ್ನು ಇನ್ನೊಬ್ಬರು ಕಲಿಸುವುದನ್ನು ಬೆನ್ನ ಹಿಂದಿನಿಂದ ಕೇಳುತ್ತಾ ಉಳಿದ ಸಾಲುಗಳನ್ನು ಮುಗಿಸಿದೆ.

ಪಾಠ ಮತ್ತೆ ಹಾಕಿದೆವು. ಹಿರೇಕೆರೂರಿನ ಶಿಕ್ಷಕಿಯೊಬ್ಬರು ತಾವೇ ವಿದ್ಯಾರ್ಥಿ ಎಂದು ಬಂದು ಕೂತು, ಬೇಕೆಂದೇ ಎರಡು ಬಟಾ ಐದು ಎಂದು ಬರೆದರು. ಸಭಾಂಗಣದ ತುಂಬ ಆ ಸೀಳು ದನಿ ಕೇಳಿಸಿತು.

"ಇದು ಹೆಂಗ ಬಂತವಾ? ಅರ್ಧಕ್ಕ ಇನ್ನಷ್ಟು ಕೂಡಿಸಿದಿ, ಬಂದದ್ದು ಅರ್ಧಕ್ಕಿಂತ ಕಡಿಮಿ ಆತಲ್ಲ. ಕೂಡಿಸಿದ್ರ ಕಡಿಮಿ ಹೆಂಗ ಆಗತೈತಿ?"

ಕೂತಿದ್ದ ಶಿಕ್ಷಕಿ ಉತ್ತರ ಬರೆಯುವುದನ್ನು ಮರೆತು ಪರದೆ ನೋಡುತ್ತಿದ್ದರು. ಅಕ್ಕೋರ ಪರಿಚಯವಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ಹೊತ್ತಿಗೆ ಆ ದನಿಯ ಒಡತಿ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಾರೆ ಎಂಬುದು ಅವರಿಗೂ ಗೊತ್ತಿತ್ತು. ಹಿರಿಯರು ಕನ್ನಡಕ ತೆಗೆದು ಒರೆಸಿದರು.

ನಮ್ಮ ಸಾಫ್ಟ್‌ವೇರ್ ಮುಂದುವರಿಯಲಿ ಎಂಬ ಮಾತು ಕೆಲವು ದಿನಗಳ ನಂತರ ಬಂತು. ಮುಂದೆ ನಾಲ್ಕೂ ತಾಲೂಕಿನ ಶಿಕ್ಷಕರು ಆ ಭಾಷೆಯಲ್ಲಿ ಏನೇನೋ ಕಟ್ಟಿದರು. ಕಟ್ಟಿದ್ದೆಲ್ಲ ನಿಲ್ಲಲಿಲ್ಲ. ಮೊಬೈಲಿನ ಪಾಠಗಳು ಬಂದವು, ಹಿರಿಯರಿಗೆ ವಯಸ್ಸಾಯಿತು, ಶಿಗ್ಗಾಂವದ ಕೋಣೆ ಬಿಟ್ಟುಕೊಟ್ಟೆವು. ಗೆಳೆಯ ಹಿರೇಕೆರೂರಿನಲ್ಲಿ ಮುದ್ರಣದ ಅಂಗಡಿ ಇಟ್ಟಿದ್ದಾನೆ. ನಾನು ಹಾವೇರಿಯಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಈಗ ಬರೆಯುವ ಕೋಡು ಇನ್ನೂ ದೊಡ್ಡದು, ಆದರೆ ಅದನ್ನು ಬಳಸುವವರ ಮುಖ ನನಗೆ ಗೊತ್ತಿಲ್ಲ.

ಈಚೆಗೆ ಹಾನಗಲ್ಲಿಗೆ ಹೋಗುವ ಸಂದರ್ಭ ಬಂತು. ಅಕ್ಕೋರನ್ನು ನೋಡಲು ಶಾಲೆಗೆ ಹೋದೆ. ದನಿ ಮರಳಿತ್ತು, ತೆಳುವಾಗಿ, ಮೊದಲಿಗಿಂತ ಮೆತ್ತಗೆ. ಲ್ಯಾಬಿನ ಮೂಲೆಯ ಕಂಪ್ಯೂಟರಿನಲ್ಲಿ ನಮ್ಮ ಸಾಫ್ಟ್‌ವೇರ್ ಇನ್ನೂ ಓಡುತ್ತಿತ್ತು. ಭಿನ್ನರಾಶಿಯ ಪಾಠ ತೆರೆದು ಎರಡು ಬಟಾ ಐದು ಎಂದು ಬರೆದೆ. 'ಇದು ಹೆಂಗ ಬಂತವಾ' ಎಂದ ಹಳೆಯ ದನಿ ಅಷ್ಟಕ್ಕೇ ನಿಂತಿತು. ಪರದೆಯ ಮೇಲೆ ಬರೆಯಲು ಒಂದು ಖಾಲಿ ಜಾಗ ಬಂತು. ಮುಂದಿನ ಮಾತು ಎಲ್ಲಿ ಹೋಯಿತು ಎಂದು ಕೇಳಿದೆ.

"ನಾನ ತಗದೆ ತಂಗಿ. ಆಕಿ ಭಾಳ ಗಡಿಬಿಡಿ ಮಾಡ್ತಿದ್ಲು. ಹುಡುಗ್ರು ವಿಚಾರ ಮಾಡೂದರೊಳಗ ತಾನ ಹೇಳಿಬಿಡ್ತಿದ್ಲು." ತಮ್ಮದೇ ಹಳೆಯ ದನಿಯನ್ನು ಬೇರೆ ಯಾರೋ ಎಂಬಂತೆ ಅಂದು ಸಣ್ಣಗೆ ನಕ್ಕರು. ಶಸ್ತ್ರಚಿಕಿತ್ಸೆ ಆದ ಮೇಲೆ ಬಹಳ ದಿನ ವರ್ಗದಲ್ಲಿ ಸುಮ್ಮನೆ ಕೂರಬೇಕಾಗಿತ್ತಂತೆ. ಆಗ ಮಕ್ಕಳ ಮಾತು ಪೂರ್ತಿ ಕೇಳಿಸತೊಡಗಿತಂತೆ. ಸ್ಕ್ರಿಪ್ಟ್ ತೆರೆದು ಸಾಲು ಅಳಿಸಿ, ಅಲ್ಲಿ ಇನ್ನೊಂದು 'ಕೇಳು' ಹಾಕಿದ್ದರು. ಆ ಖಾಲಿ ಜಾಗದಲ್ಲಿ ಮಕ್ಕಳು ಬರೆದದ್ದಕ್ಕೆ ಸರಿ ತಪ್ಪು ಏನೂ ಬರುವುದಿಲ್ಲ. ಅಕ್ಕೋರೇ ಕೂತು ಓದುತ್ತಾರೆ.

ಬರೆದದ್ದನ್ನು ತೆರೆದು ತೋರಿಸಿದರು. ಅದೇ ದಿನದ ವರ್ಗದ ಹುಡುಗಿಯೊಬ್ಬಳು ಬರೆದಿದ್ದಳು: "ಮ್ಯಾಲಿಂದು ಕೂಡಿಸಿದೆ, ಕೆಳಗಿಂದೂ ಕೂಡಿಸಿದೆ. ಆದರ ಅರ್ಧಕ್ಕಿಂತ ಸಣ್ಣದು ಬಂತು. ಯಾಕ್ರಿ ಅಕ್ಕೋರ?"